ಬೇಡವೆಂದ ಹಲಗೆ

ಮಾರ್ಚ್ 4

ಇಪ್ಪತ್ತು ದಿನಗಳ ಮೇಲೆ ಮನೆ. ಜನವರಿಯಲ್ಲಿ ಸೊಸೈಟಿಯವರು ಬಿಟ್ಟಿ ಕೊಟ್ಟ ಡೈರಿ ಟಿ.ವಿ.ಯ ಹಿಂದೆ ಬಿದ್ದಿತ್ತು, ಇವತ್ತು ಧೂಳು ಕೊಡವಿ ಬಿಡಿಸಿದೆ. ಮೊದಲ ಎರಡು ತಿಂಗಳು ಖಾಲಿ. ಬರೆಯುವಂಥದ್ದು ಏನೂ ಇಲ್ಲದ ದಿನಗಳೇ ಸುಖದ ದಿನಗಳು ಎಂದು ಆಗ ಯಾರು ಹೇಳಬೇಕಿತ್ತು ನನಗೆ.

ಫೆಬ್ರವರಿ ಹನ್ನೆರಡಕ್ಕೆ ಇವರು ಕರಿಮೆಣಸು ಕೊಯ್ಯಲು ಏಣಿ ಹತ್ತಿ ಬಿದ್ದರು. ಇಪ್ಪತ್ತೈದು ವರ್ಷದಿಂದ ಹತ್ತುತ್ತಿದ್ದ ಏಣಿ, ಅದೇ ಮರ, ಅದೇ ಬಳ್ಳಿ. ಏಣಿಯ ಬುಡ ಜಾರಿತು, ಅಷ್ಟೆ. ಸೊಂಟದಿಂದ ಕೆಳಗೆ ಮುಟ್ಟಿದರೆ ಗೊತ್ತಾಗುವುದಿಲ್ಲ. ಮಂಗಳೂರಿನಲ್ಲಿ ಆಪರೇಷನ್ ಮಾಡಿ ಬೆನ್ನಿನ ಒಳಗೆ ಸ್ಕ್ರೂ ಹಾಕಿದ್ದಾರೆ. ಆರು ತಿಂಗಳು ನೋಡುವ ಎಂದರು ಡಾಕ್ಟರು. ಅವರು ಎಂತ ನೋಡುವುದು, ನೋಡುವುದು ನಾನು.

‘ಇವರು’ ಎಂದು ಬರೆದಿದ್ದೇನೆ. ಯಾರೂ ಓದದ ಡೈರಿಯಲ್ಲೂ ಗಂಡನ ಹೆಸರು ಬರೆಯಲು ಕೈ ಬರುವುದಿಲ್ಲ. ಆಸ್ಪತ್ರೆಯ ಫಾರ್ಮುಗಳಲ್ಲಿ ಜಯಪ್ರಕಾಶ್, ಜಯಪ್ರಕಾಶ್ ಎಂದು ನೂರು ಸಲ ಬರೆದಾಯಿತು, ಇನ್ನು ಸಾಕು.

ಚಾವಡಿಯಲ್ಲಿ ಮಂಚ ಹಾಕಿದ್ದೇವೆ. ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ತಲೆ, ಸೊಂಟ, ಕಾಲು ಎಲ್ಲವೂ ಒಟ್ಟಿಗೆ ತಿರುಗಬೇಕು, ಎಲ್ಲಿಯೂ ತಿರುಚಬಾರದು. ನರ್ಸ್ ಮೂರು ಸಲ ತೋರಿಸಿದಳು. ನಾಲ್ಕನೆಯ ಸಲ ನಾನೇ ಮಾಡಿದಾಗ, “ಅಕ್ಕ, ಹೀಗೆ ಮಾಡಿದ್ರೆ ನಿಮ್ಮ ಬೆನ್ನು ಹೋಗ್ತದೆ” ಎಂದಳು. ಹೋಗಲಿ. ಇಬ್ಬರಿಗೂ ಒಂದೇ ಮಂಚ ಸಾಕಾಗುತ್ತದೆ.

ಮಾರ್ಚ್ 7

ಆರು, ಎಂಟು, ಹತ್ತು, ಹನ್ನೆರಡು. ದಿನಕ್ಕೆ ಈಗ ಇಷ್ಟೇ ಹೆಸರು. ನಡುವೆ ಅನ್ನ, ಮಾತ್ರೆ, ಮೂತ್ರದ ಟ್ಯೂಬಿನ ಚೀಲ, ಬಟ್ಟೆ. ನಿಂತಲ್ಲೇ ಕಣ್ಣು ಮುಚ್ಚಿಹೋಗುತ್ತದೆ. ಇವತ್ತು ಸಾರಿಗೆ ಉಪ್ಪು ಎರಡು ಸಲ ಹಾಕಿದೆ, ಇವರು ಮಾತನಾಡದೆ ಉಂಡರು. ಮೊದಲಾಗಿದ್ದರೆ ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು. ಅದಕ್ಕೇ ನನಗೆ ಬೇಸರವಾಯಿತು.

ಪೂವಮ್ಮಕ್ಕ ಮಧ್ಯಾಹ್ನ ಬಂದು ಹೊರಳಿಸಲು ಕೈ ಕೊಟ್ಟರು. ಪಕ್ಕದ ಮನೆ ಮೇದಪ್ಪಣ್ಣನ ಹೆಂಡತಿ. ಐವತ್ತೈದಾದರೂ ತೋಳಿನಲ್ಲಿ ಬಲ ಉಂಟು. ಸೋಮವಾರ ನಾನು ಲೈಬ್ರರಿಗೆ ಹೋಗಲು ಶುರು ಮಾಡಿದ ಮೇಲೆ ಹನ್ನೆರಡು ಗಂಟೆಯ ಹೊರಳು ಅವರದ್ದೇ ಎಂದು ಮಾತಾಯಿತು.

ಅವರು ಅಂಗಳ ದಾಟಿದ್ದೇ ತಡ, ಇವರು ಮಾಡಿನ ಹಂಚು ನೋಡುತ್ತ ಹೇಳಿದರು.

“ಒಳ್ಳೆ ಹೆಂಗಸು. ಗಂಡ ಮಾತ್ರ ನನ್ನನ್ನು ಗೋಣಿಚೀಲ ಮಡಚಿದ ಹಾಗೆ ಓಮ್ನಿ ವ್ಯಾನಿನಲ್ಲಿ ಮಡಚಿ ಹಾಕಿದ. ಆಂಬ್ಯುಲೆನ್ಸ್ ಬಂದಿತ್ತು, ಹಲಗೆ ಇತ್ತು. ಆ ಮೇದಪ್ಪ ಹಲಗೆ ಬೇಡ ಅಂದ. ಅವನಿಂದಾಗಿ ನಾನು ಹೀಗಾದದ್ದು.”

ನಾನು ಲೋಟ ತೊಳೆಯಲು ಒಳಗೆ ಹೋದೆ. ತೊಳೆದ ಲೋಟವೇ ಅದು.

ಮಾರ್ಚ್ 12

ಪಂಚಾಯತಿನ ಲೈಬ್ರರಿಯ ಬೀಗ ತೆಗೆದು ಮೂರು ದಿನವಾಯಿತು. ನಾನಿಲ್ಲದ ದಿನಗಳಲ್ಲಿ ಗೆದ್ದಲು ಬಿಟ್ಟರೆ ಬೇರೆ ಓದುಗರು ಬಂದ ಹಾಗಿಲ್ಲ.

ಪುತ್ತೂರಿನ ಆಸ್ಪತ್ರೆಯವರು ಮೊದಲ ದಿನ ಬರೆದ ಚೀಟಿ ನನ್ನ ಬ್ಯಾಗಿನಲ್ಲೇ ಇತ್ತು. ಅದರಲ್ಲಿ ಒಂದು ಸಾಲು: ಕುಳ್ಳಿರಿಸಿಕೊಂಡು ಕರೆತಂದದ್ದು, ಬ್ಯಾಕ್‌ಬೋರ್ಡ್ ಇಲ್ಲ. ಇವತ್ತು ಹನ್ನೊಂದರ ಹೊತ್ತಿಗೆ ಯಾರೂ ಇಲ್ಲದಾಗ ರಟ್ಟು ಕಿತ್ತುಹೋದ ಇಂಗ್ಲಿಷ್–ಕನ್ನಡ ನಿಘಂಟು ತೆಗೆದೆ. ಬ್ಯಾಕ್‌ಬೋರ್ಡ್. ಒಂದು, ಬಂಡಿಯ ಹಿಂಬದಿಯ ಹಲಗೆ. ಎರಡು, ದೋಣಿಯಲ್ಲಿ ಕುಳಿತವರು ಬೆನ್ನು ಆನಿಸುವ ಹಲಗೆ. ಮೂರು, ಹಿಂದಿನ ಕಾಲದಲ್ಲಿ ಹುಡುಗಿಯರ ಬೆನ್ನು ನೆಟ್ಟಗಾಗಲೆಂದು ಕಟ್ಟುತ್ತಿದ್ದ ಹಲಗೆ. ಹುಡುಗಿಯರನ್ನು ನೆಟ್ಟಗೆ ಮಾಡಲು ಎಲ್ಲ ದೇಶದವರೂ ಹಲಗೆ ಹುಡುಕಿದ್ದಾರೆ ಎಂದಾಯಿತು.

ಅಷ್ಟರಲ್ಲಿ ಧರ್ಮಪಾಲ ಮಾಸ್ಟ್ರು ಪೇಪರ್ ಓದಲು ಬಂದರು. ರಾಮಕುಂಜದ ಕಡೆ ಡ್ರಿಲ್ ಮಾಸ್ಟ್ರಾಗಿದ್ದು ನಿವೃತ್ತರಾದವರು. ನಾನು ಬೆರಳಿಟ್ಟ ಜಾಗ ನೋಡಿ ಅವರಿಗೆ ಖುಷಿಯಾಯಿತು.

“ಬ್ಯಾಕ್‌ಬೋರ್ಡಾ? ಅದು ಬಾಸ್ಕೆಟ್‌ಬಾಲಿನದ್ದು ಮಾರಾಯ್ತಿ. ಬಳೆಯ ಹಿಂದೆ ಇರುವ ಹಲಗೆ. ಚೆಂಡು ಸೀದಾ ಹಾಕಲಿಕ್ಕೆ ಗೊತ್ತಿಲ್ಲದವರು ಅದಕ್ಕೆ ಬಡಿಯುದು, ಅದು ವಾಪಸ್ ಬಲೆಗೆ ಹಾಕಿ ಕೊಡುದು. ನಾನೇ ಹಲಸಿನ ಹಲಗೆ ಕಡಿಸಿ ಎರಡು ನಿಲ್ಲಿಸಿದ್ದೆ.”

“ಪೇಶೆಂಟಿನದ್ದು ಇಲ್ವಾ ಮಾಸ್ಟ್ರೆ?” ಎಂದು ಕೇಳಿದೆ.

“ಅದು ನನಗೆ ಗೊತ್ತಿಲ್ಲ” ಎಂದು ಮುಖ ಚಿಕ್ಕದು ಮಾಡಿಕೊಂಡು ಪೇಪರ್ ಹಿಡಿದರು. ನಿಘಂಟಿಗೂ ಗೊತ್ತಿಲ್ಲ. ನನಗೆ ಗೊತ್ತುಂಟು. ಕಿತ್ತಳೆ ಬಣ್ಣ, ಆಳುದ್ದ, ಅಂಚಿನುದ್ದಕ್ಕೂ ಹಿಡಿಯಲು ತೂತುಗಳು, ಕಪ್ಪು ಬೆಲ್ಟುಗಳು. ಬೆನ್ನಿಗೆ ಪೆಟ್ಟಾದವರನ್ನು ಅಲುಗಾಡದಂತೆ ಅದರ ಮೇಲೆ ಮಲಗಿಸಿ ಕಟ್ಟುವುದು.

ಬರೆದೇ ಬಿಡುತ್ತೇನೆ. ಬೇರೆ ಎಲ್ಲಿ ಹೇಳಲಿ.

ಆ ದಿನ ಹಲಗೆ ಬೇಡ ಎಂದದ್ದು ಮೇದಪ್ಪಣ್ಣ ಅಲ್ಲ. ನಾನು. ಮೇದಪ್ಪಣ್ಣನೇ ಫೋನ್ ಮಾಡಿ ಕಡಬದ ಹೈದರನ ಆಂಬ್ಯುಲೆನ್ಸ್ ಕರೆಸಿದ್ದು. ಹೈದರ್ ಇಲ್ಲೇ ಹತ್ತಿರ ಯಾರನ್ನೋ ಮನೆಗೆ ಬಿಟ್ಟು ಹೋಗುತ್ತಿದ್ದವ, ಕಾಲು ಗಂಟೆಯಲ್ಲಿ ಬಂದ. ಬಂದವನು ಹಲಗೆ ತೆಗೆದು ಬೆಲ್ಟು ಬಿಡಿಸಿದ. ನಮ್ಮಲ್ಲಿ ಮನುಷ್ಯನನ್ನು ಹಲಗೆಗೆ ಹಾಕಿ ಕಟ್ಟುವುದು ಒಂದೇ ಸಲ. ಅಪ್ಪನನ್ನು ಕಟ್ಟಿದ್ದನ್ನು ಎರಡು ವರ್ಷದ ಹಿಂದೆಯಷ್ಟೇ ನೋಡಿದ್ದೆ. ನಾನು ಅಡ್ಡ ನಿಂತು ಬೊಬ್ಬೆ ಹೊಡೆದೆ: “ಅದರಲ್ಲಿ ಕಟ್ಟಬೇಡಿ, ಇವರು ಸತ್ತಿಲ್ಲ, ಇವರು ಸತ್ತಿಲ್ಲ.” ಹೈದರ್ ಎಷ್ಟೋ ಹೇಳಿದ. ನಾನು ಹಲಗೆಯನ್ನು ಕಾಲಿನಿಂದ ದೂಡಿದೆ. ಅಣ್ಣ, ನೀವು ಓಮ್ನಿ ತನ್ನಿ ಎಂದು ಮೇದಪ್ಪಣ್ಣನ ಕೈ ಹಿಡಿದೆ. ಹೆಂಡತಿ ಹಾಗೆ ಹೇಳಿದ ಮೇಲೆ ಅವರು ಎಂತ ಮಾಡಬೇಕು? ಅವರು ಕಂಕುಳಿಗೆ ಕೈ ಹಾಕಿದರು, ನಾನು ಕಾಲು ಹಿಡಿದೆ. ಮೊದಲು ಎಬ್ಬಿಸಿ ಕೂರಿಸಿ ನೀರು ಕುಡಿಸಿದೆ, ಅದೂ ನಾನೇ. ಒಂದು ಗಂಟೆಗೂ ಮಿಕ್ಕಿದ ದಾರಿ ಇವರನ್ನು ಸೀಟಿನಲ್ಲಿ ಕೂರಿಸಿ, ತಲೆಯನ್ನು ನನ್ನ ಹೆಗಲಿಗೆ ಆನಿಸಿಕೊಂಡು ಪುತ್ತೂರಿಗೆ ಹೋದದ್ದು. ರಸ್ತೆಯ ಪ್ರತಿ ಹಂಪಿಗೂ ಇವರು ನರಳುತ್ತಿದ್ದರು.

ಇವರಿಗೆ ಆಗ ಪ್ರಜ್ಞೆ ಇತ್ತೋ ಇಲ್ಲವೋ. ಕಣ್ಣು ಮುಚ್ಚಿತ್ತು.

ಮಾರ್ಚ್ 13

ನಿನ್ನೆ ಬರೆದದ್ದನ್ನು ಹರಿದುಹಾಕುವ ಎಂದುಕೊಂಡೆ. ಎಂಟು ಗಂಟೆ ಆಯಿತು, ಹೊರಳಿಸಲು ಹೋದೆ.

ಮಾರ್ಚ್ 22

ಶನಿವಾರ. ಮಗಳು ಯಶಸ್ವಿ ಪುತ್ತೂರಿನ ಹಾಸ್ಟೆಲಿನಿಂದ ಬಂದಿದ್ದಾಳೆ. ಒಂದು ಕೈಯಲ್ಲಿ ಮೊಬೈಲ್ ಹಿಡಿದುಕೊಂಡೇ ಅಪ್ಪನ ದಿಂಬು ಸರಿ ಮಾಡುತ್ತಾಳೆ. ಬೈಯುವ ಶಕ್ತಿ ನನಗಿಲ್ಲ, ಅವಳೂ ಅದನ್ನು ಕಂಡುಕೊಂಡಿದ್ದಾಳೆ.

ಸಂಜೆ ಮೇದಪ್ಪಣ್ಣ ಬಂದರು. ಇಷ್ಟು ದಿನ ಬಂದಿರಲಿಲ್ಲ. ಒಂದು ಗೊನೆ ನೇಂದ್ರ ಬಾಳೆ ಜಗಲಿಯಲ್ಲಿಟ್ಟು, ಚಾವಡಿಯ ಬಾಗಿಲಲ್ಲಿ ನಿಂತು, “ಪ್ರಕಾಶ, ಹೇಗುಂಟು?” ಎಂದರು. ಇವರು ಗೋಡೆಯ ಕಡೆ ಮುಖ ಮಾಡಿದರು. ಯಾರ ಸಹಾಯ ಇಲ್ಲದೆ ಇವರು ತಿರುಗಿಸಬಹುದಾದದ್ದು ಕುತ್ತಿಗೆ ಮಾತ್ರ, ಅದನ್ನು ಪೂರಾ ತಿರುಗಿಸಿದರು.

ನಾನು ಮೇದಪ್ಪಣ್ಣನ ಹಿಂದೆಯೇ ಅಂಗಳಕ್ಕೆ ಹೋದೆ. ಏನು ಹೇಳಲೆಂದು ಹೋದದ್ದೋ ನನಗೇ ಗೊತ್ತಿಲ್ಲ. ಅವರೇ ಮಾತು ತೆಗೆದರು.

“ನೀನು ಎಂತದೂ ಹೇಳಬೇಡ ದಮಯಂತಿ.”

“ಅಣ್ಣ, ಅವರು ಊರಿಗೆಲ್ಲ ನಿಮ್ಮ ಹೆಸರು…”

“ಎತ್ತಿದ್ದು ನಾನೇ ಅಲ್ವಾ. ಮಲಗಿದಲ್ಲೇ ಇರುವವನಿಗೆ ಯಾರಾದ್ರೂ ಒಬ್ಬ ಬೇಕು ಬೈಯಲಿಕ್ಕೆ. ಬೈಯಲಿ. ನನಗೆ ಎಂತ ಆಗ್ತದೆ.”

ಎಂತ ಆಗುತ್ತದೆ ಎಂದು ಅವರ ಮುಖದಲ್ಲೇ ಕಾಣುತ್ತಿತ್ತು. ಆದರೂ ನನಗೆ ಹಗುರವಾಯಿತು, ನಾಚಿಕೆಗೆಟ್ಟವಳಿಗೆ. ಹೇಳಬೇಡ ಎಂದು ಅವರೇ ಹೇಳಿದ ಮೇಲೆ ನಾನು ಹೇಳುವುದು ಹೇಗೆ ಎಂದು ಒಳಗೆ ಬಂದು ಬಾಳೆಗೊನೆ ಕಟ್ಟಿದೆ.

ಏಪ್ರಿಲ್ 3

ಪುತ್ತೂರಿಗೆ ಚೆಕಪ್. ಕರೆದುಕೊಂಡು ಹೋಗಲು ಬಂದವನು ಹೈದರ್. ಅವನ ನಂಬರ್ ಬಿಟ್ಟು ಬೇರೆ ಯಾರದ್ದೂ ಸಿಗಲಿಲ್ಲ ಎಂದರೆ ಸುಳ್ಳು, ಬೇರೆಯವರಿಗೆ ಫೋನ್ ಮಾಡುವ ಹೊತ್ತಿಗೆ ಇವರೇ ಯಶಸ್ವಿಯ ಕೈಯಿಂದ ಮಾಡಿಸಿದ್ದರು.

ಅದೇ ಹಲಗೆ. ನನ್ನ ಕಾಲಿನ ಗುರುತು ಇರಬಹುದೇ ಎಂದು ನೋಡಿದೆ, ಹುಚ್ಚು. ಹೈದರ್ ನನ್ನನ್ನು ನೋಡಿ ತಲೆ ಬಗ್ಗಿಸಿದ. “ಅಕ್ಕ, ನೀವು ಆ ಬದಿ ಹಿಡೀರಿ” ಎಂದ, ಅಷ್ಟೆ. ನಾಲ್ಕು ಬೆಲ್ಟು. ಎದೆಯ ಬೆಲ್ಟನ್ನು ನಾನು ಹಾಕಬೇಕಾಯಿತು. ಬಕಲ್ ಟಪ್ಪೆಂದಾಗ ಇವರು ನಕ್ಕರು, “ವಿಮಾನದ ಹಾಗೆ ಉಂಟು” ಎಂದು. ಒಂದು ಹಂಪಿಗೂ ನರಳಲಿಲ್ಲ.

ಉಪ್ಪಿನಂಗಡಿ ದಾಟಿದ ಮೇಲೆ ಇವರು ಮಲಗಿದಲ್ಲಿಂದಲೇ ಕೇಳಿದರು.

“ಹೈದರ್, ಎಲ್ಲರೂ ಇದರಲ್ಲಿ ಮಲಗ್ತಾರಾ?”

“ಎಲ್ಲಿ ಅಣ್ಣ. ಹತ್ತು ಕಡೆ ಹೋದ್ರೆ ಏಳು ಕಡೆ ಬೇಡ ಅಂತಾರೆ. ಚಟ್ಟದ ಹಾಗೆ ಕಾಣ್ತದೆ ಅಂತ. ನಮ್ಮವರೂ ಹಾಗೇ, ಮಯ್ಯತ್ ಕಟ್ಟಿದ ಹಾಗೆ ಅಂತಾರೆ. ನಾನು ಬಣ್ಣ ತೋರಿಸಿ ಹೇಳುದು, ಕಿತ್ತಳೆ ಬಣ್ಣದ ಚಟ್ಟ ಯಾರಾದ್ರೂ ಕಂಡಿದ್ದೀರಾ ಅಂತ.”

“ನನ್ನನ್ನು ಯಾಕೆ ಹಾಕಲಿಲ್ಲ ಮತ್ತೆ? ಮೇದಪ್ಪ ಬೇಡ ಅಂದದ್ದು ಅಲ್ವಾ?”

ಹೈದರ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ನಾನು ಇವರ ಬೆಲ್ಟು ನೋಡಿದೆ. ಗಾಡಿ ಒಂದು ಫರ್ಲಾಂಗು ಹೋಗಿರಬೇಕು.

“ಆ ದಿನ ತುಂಬ ಗಲಾಟೆ ಇತ್ತು ಅಣ್ಣ” ಎಂದ ಹೈದರ್. “ಅಂಥ ಹೊತ್ತಲ್ಲಿ ಯಾರು ಎಂತ ಹೇಳಿದ್ರೂ ಅದು ಹೆದರಿಕೆ ಹೇಳುದು.”

ಇವರು ಮತ್ತೆ ಕೇಳಲಿಲ್ಲ. ನಾನು ಹೇಳಬಹುದಿತ್ತು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗಲಿಕ್ಕಿಲ್ಲ: ಇವರು ಕಟ್ಟಿಹಾಕಿ ಮಲಗಿದ್ದರು, ಎದ್ದುಹೋಗುವ ಹಾಗೂ ಇಲ್ಲ. ಈ ಯೋಚನೆ ಬಂದದ್ದಕ್ಕೇ ನನ್ನ ಬಗ್ಗೆ ಹೇಸಿಗೆಯಾಯಿತು.

ಇವರನ್ನು ಎಕ್ಸ್‌ರೇಗೆ ಕರೆದುಕೊಂಡು ಹೋದಾಗ ಡಾಕ್ಟರನ್ನು ಕೇಳಿದೆ: ಪೆಟ್ಟು ಬಿದ್ದಾಗಲೇ ಇಷ್ಟಾದದ್ದೋ, ಕೂರಿಸಿಕೊಂಡು ಬಂದದ್ದರಿಂದಲೋ.

“ಹೇಳಲಿಕ್ಕೆ ಆಗುದಿಲ್ಲಮ್ಮ. ಬಿದ್ದಾಗಲೇ ಆಗಿರಬಹುದು. ಬರುವಾಗ ಹೆಚ್ಚಾಗಿರಲೂಬಹುದು. ಈಗ ಅದು ಗೊತ್ತಾಗಿ ಏನು ಮಾಡ್ತೀರಿ?”

ಅದು ಗೊತ್ತಾದರೆ ಒಂದೋ ಅಳುತ್ತಿದ್ದೆ, ಒಂದೋ ನಿದ್ದೆ ಮಾಡುತ್ತಿದ್ದೆ. ಈಗ ಎರಡೂ ಇಲ್ಲ.

ಏಪ್ರಿಲ್ 14

ಬಿಸು. ಹೊಸ ವರ್ಷಕ್ಕೆ ಎದ್ದ ಕೂಡಲೇ ನೋಡಲು ಕಣಿ ಇಟ್ಟೆ: ಸೌತೆಕಾಯಿ, ತೆಂಗಿನಕಾಯಿ, ಕನ್ನಡಿ. ಇವರಿಗೆ ಮಂಚದ ಹತ್ತಿರ ಕನ್ನಡಿ ತಂದು ತೋರಿಸಿದೆ. “ಗಡ್ಡ ತೆಗೀಬೇಕು” ಎಂದರು. ತೆಗೆದೆ. ಗಲ್ಲದ ಕೆಳಗೆ ಸ್ವಲ್ಪ ಕೊಯ್ದೆ. ಪ್ರತಿ ವರ್ಷ ಮೇದಪ್ಪಣ್ಣನ ಮನೆಯಿಂದ ಪಾಯಸ ಬರುತ್ತಿತ್ತು, ಈ ವರ್ಷವೂ ಬಂತು. ಇವರು ಮುಟ್ಟಲಿಲ್ಲ. ನಾನೂ ಉಣ್ಣಲಿಲ್ಲ, ನನ್ನ ಕಾರಣ ಬೇರೆ.

ಏಪ್ರಿಲ್ 25

ಲೈಬ್ರರಿಯಲ್ಲಿ ಮಕ್ಕಳ ಪತ್ರಿಕೆಯ ಮೂರು ಸಂಚಿಕೆ ಕಾಣೆ. ರಜೆ ಶುರುವಾದ ಮೇಲೆ ಹೀಗೇ. ಕಪಾಟಿನ ಹಿಂದೆ, ಚಾಪೆಯ ಅಡಿ, ಎಲ್ಲ ಹುಡುಕಿದೆ. ತಾಲೂಕಿಗೆ ಪಟ್ಟಿ ಕೊಡಬೇಕು, ಯಾರು ಬರೆಯುತ್ತಾರೆ ಅದನ್ನು.

ಹುಡುಕಾಟದ ನಡುವೆ ಧರ್ಮಪಾಲ ಮಾಸ್ಟ್ರು ಮೆಟ್ಟಲಿನಲ್ಲಿ ಜಾರಿ ಬೆನ್ನಡಿಯಾಗಿ ಬಿದ್ದರು. ಪಂಚಾಯತಿನಲ್ಲಿದ್ದ ನಾಲ್ಕು ಜನ ಓಡಿಬಂದು ಕಂಕುಳಿಗೆ ಕೈ ಹಾಕಲು ಬಗ್ಗಿದರು. ಮುಟ್ಟಿದರೆ ಕೈ ಮುರಿಯುತ್ತೇನೆ ಎಂದೆ. ನೀರು ತಂದ ಗುಮಾಸ್ತನನ್ನು ವಾಪಸ್ ಕಳಿಸಿದೆ. ಮೆಟ್ಟಲಿನಲ್ಲೇ ಕುಳಿತು ಮಾಸ್ಟ್ರ ತಲೆಯನ್ನು ಎರಡೂ ಕೈಯಲ್ಲಿ ಅಲುಗದ ಹಾಗೆ ಹಿಡಿದು, ಕಾಲಿನ ಹೆಬ್ಬೆರಳು ಅಲ್ಲಾಡಿಸಿ ಎಂದೆ.

“ಹೆಬ್ಬೆರಳು ಅಲ್ಲಾಡ್ತದೆ. ಮರ್ಯಾದೆ ಹೋಯ್ತು ಅಷ್ಟೇ. ಪಂಚೆ ಸ್ವಲ್ಪ ಎಳಿ” ಎಂದರು.

ಏನೂ ಆಗಿರಲಿಲ್ಲ. ಆದರೂ ಹೈದರ್ ಬರುವವರೆಗೆ ಏಳಲು ಬಿಡಲಿಲ್ಲ, ಮುಕ್ಕಾಲು ಗಂಟೆ. ಹಲಗೆ ನೋಡಿ ಅವರು, ಇದಕ್ಕೂ ಬ್ಯಾಕ್‌ಬೋರ್ಡ್ ಅಂತಾರಾ ಎಂದು ಕೇಳಿಕೊಂಡು ಮಲಗಿದರು. ಅಷ್ಟರಲ್ಲಿ ಹನ್ನೆರಡೂವರೆ, ಪತ್ರಿಕೆ ಸಿಗಲೇ ಇಲ್ಲ. ದಿನವೆಲ್ಲ ವ್ಯರ್ಥ.

ಮೇ 2

ಪೂವಮ್ಮಕ್ಕ ಇವತ್ತು ಹೊರಳಿಸಿ ಆದ ಮೇಲೂ ಹೋಗಲಿಲ್ಲ, ನಾನು ಲೈಬ್ರರಿಯಿಂದ ಬರುವವರೆಗೆ ಕಾದರು. ಅಡಿಗೆಮನೆಯಲ್ಲಿ ನಿಂತರು.

“ನಮ್ಮ ಮನೆಯವರು ಓಮ್ನಿ ಹೊರಗೇ ತೆಗೆಯುದಿಲ್ಲ ಈಗ. ಮೊದಲು ನಮ್ಮ ಇಚಿಲಂಪಾಡಿಯಲ್ಲಿ ಯಾರಿಗೆ ಹೊಟ್ಟೆನೋವಾದ್ರೂ ಇವರನ್ನೇ ಕರೆಯುದು. ಈಗ ಯಾರೂ ಕರೆಯುದಿಲ್ಲ. ಒಂದು ಮಾತು ಕೇಳ್ತೇನೆ ದಮಯಂತಿ. ಆ ದಿನ ಹಲಗೆ ಬೇಡ ಅಂದದ್ದು ಇವರೇ, ಹೌದಾ? ಕೇಳಿದ್ರೆ ಇವರು ಬಾಯಿ ಬಿಡುದಿಲ್ಲ.”

“ನನಗೆ ನೆನಪಿಲ್ಲ ಅಕ್ಕ. ಆ ಗಲಾಟೆಯಲ್ಲಿ…”

ಅವರು ನನ್ನ ಬೆನ್ನು ಸವರಿದರು, ಪಾಪ, ನಿನಗೆ ಎಲ್ಲಿ ನೆನಪಿರಬೇಕು ಎಂದು. ನೆಲ ಬಾಯಿ ಬಿಡಬಾರದೇ ಎಂದು ಜನ ಯಾಕೆ ಹೇಳುತ್ತಾರೆಂದು ತಿಳಿಯಿತು.

ಮೇ 7

ಯುವಕ ಮಂಡಲಕ್ಕೆ ಒಂದು ಆಂಬ್ಯುಲೆನ್ಸ್ ಬರುತ್ತದಂತೆ. ಅಧ್ಯಕ್ಷ ಉಲ್ಲಾಸ್ ಇವರನ್ನು ನೋಡಲು ಬಂದವನು ಹೇಳಿದ. ಡ್ರೈವರ್ ಮೇದಪ್ಪಣ್ಣ ಆಗಲಿ ಎಂದು ಅವನ ಮನಸ್ಸು. ಈ ಭಾನುವಾರ ಹನ್ನೊಂದಕ್ಕೆ ಮೀಟಿಂಗ್. ಇವರೂ ಕಮಿಟಿಯಲ್ಲಿರುವುದರಿಂದ ಅಭಿಪ್ರಾಯ ಬೇಕಂತೆ. “ಬರೆದು ಕಳಿಸಿ ಪ್ರಕಾಶಣ್ಣ, ಸಾಕು” ಎಂದು ಹೋದ.

ಅವನ ಬೈಕಿನ ಸದ್ದು ಅಡಗುವ ಮೊದಲೇ ಇವರು, “ಕಾಗದ ತಾ. ನಿನ್ನ ಅಕ್ಷರ ಚೆಂದ ಉಂಟು, ನೀನು ಬರೆ, ನಾನು ಸಹಿ ಹಾಕ್ತೇನೆ” ಎಂದರು. ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಹಲಗೆ ಇದ್ದರೂ ಬೇಡವೆಂದು ಹೇಳಿ ನನ್ನನ್ನು ಈ ಸ್ಥಿತಿಗೆ ತಂದ ಮೇದಪ್ಪನವರ ಕೈಗೆ ಊರಿನ ರೋಗಿಗಳನ್ನು ಒಪ್ಪಿಸುವುದಕ್ಕೆ ನನ್ನ ಪೂರ್ಣ ವಿರೋಧವಿದೆ.

ಇದು ನನ್ನ ಅಕ್ಷರದಲ್ಲಿ ಉಂಟು. ಇಪ್ಪತ್ತು ವರ್ಷ ಲೈಬ್ರರಿಯ ರಿಜಿಸ್ಟರ್ ಬರೆದು ದುಂಡಾದ ಅಕ್ಷರ. ಶುದ್ಧ ಪ್ರತಿ ಮಾಡಿ ಕೊಡುತ್ತೇನೆ, ಆಮೇಲೆ ಸಹಿ ಹಾಕಿ ಎಂದು ಹೇಳಿ ಎದ್ದುಬಂದೆ.

ಮೇ 8

ತಲೆನೋವು. ಶುದ್ಧ ಪ್ರತಿ ಆಗಲಿಲ್ಲ.

ಮೇ 9

ಲೈಬ್ರರಿಯಲ್ಲಿ ಕುಳಿತು ಶುದ್ಧ ಪ್ರತಿ ಶುರು ಮಾಡಿದೆ. ‘ಮೇದಪ್ಪನವರ’ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಶಾಯಿ ಮುಗಿದದ್ದಲ್ಲ. ಇನ್ನೊಂದು ಹಾಳೆ ತೆಗೆದೆ, ಬರೆದೆ, ಒಂದೇ ಉಸಿರಿನಲ್ಲಿ. ಹೊಡೆದುಹಾಕಿದ್ದು ಒಂದೂ ಇಲ್ಲ.

ಸಂಜೆ ನಾಲ್ಕರ ಹೊರಳು ಆದ ಮೇಲೆ ಇವರು ಕಾಗದ ಕೇಳಿದರು. ಓದುತ್ತೇನೆ ಎಂದೆ. ಕುರ್ಚಿ ಎಳೆದು ಕುಳಿತೆ. 

“ಯುವಕ ಮಂಡಲದ ಅಧ್ಯಕ್ಷರಿಗೆ. ಫೆಬ್ರವರಿ ಹನ್ನೆರಡರಂದು ನನ್ನ ಗಂಡ ಜಯಪ್ರಕಾಶರು ಬಿದ್ದಾಗ ಆಂಬ್ಯುಲೆನ್ಸಿನ ಹಲಗೆಯಲ್ಲಿ ಅವರನ್ನು ಮಲಗಿಸಬೇಡಿ ಎಂದು ಅಡ್ಡ ನಿಂತವಳು ನಾನು. ಹಲಗೆಯನ್ನು ದೂಡಿದವಳು ನಾನು. ಎಬ್ಬಿಸಿ ಕೂರಿಸಿ ನೀರು ಕುಡಿಸಿದವಳು ನಾನು. ಮೇದಪ್ಪಣ್ಣ ನಾನು ಹೇಳಿದ ಹಾಗೆ ಮಾಡಿದರು. ಇಷ್ಟು ದಿನ ಅವರ ಮೇಲೆ ಬಂದ ಮಾತನ್ನು ಕೇಳಿಯೂ ನಾನು ಬಾಯಿ ಮುಚ್ಚಿ ಕುಳಿತೆ. ಅವರು ಬಾಯಿ ಬಿಡಲಿಲ್ಲ. ಡ್ರೈವರ್ ಅವರೇ ಆಗಲಿ. ಆಂಬ್ಯುಲೆನ್ಸಿಗೆ ಹಲಗೆ ತರುವಾಗ ಅದರಲ್ಲಿ ಮಲಗಿಸುವುದು ಬದುಕಿರುವವರನ್ನು ಎಂದು ಮನೆಮನೆಗೆ ಹೋಗಿ ಹೇಳುವ ಕೆಲಸ ನನಗೆ ಕೊಡಿ. ದಮಯಂತಿ.”

ಇವರು ಮಾಡು ನೋಡುತ್ತಿದ್ದರು.  ನಾನು ಕಾದೆ. 

“ಪೆನ್ನು ತಾ” ಎಂದರು.

ಕಾಗದದ ಅಡಿಗೆ ಪುಸ್ತಕ ಕೊಟ್ಟೆ. ಮಲಗಿಕೊಂಡೇ ನನ್ನ ಹೆಸರಿನ ಪಕ್ಕದಲ್ಲಿ ಸಹಿ ಹಾಕಿದರು. ಮತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. ಆರರ ಹೊರಳಿಗೆ ಹೋದರೆ ಯಾವಾಗಲೂ ನನ್ನ ಕುತ್ತಿಗೆಗೆ ಕೈ ಹಾಕಿ ಹಗುರ ಮಾಡಿಕೊಡುವವರು ಇವತ್ತು ಕೈ ಎದೆಯ ಮೇಲೇ ಇಟ್ಟುಕೊಂಡರು. ಪೂರ್ತಿ ಭಾರ ನಾನೇ ತಿರುಗಿಸಿದೆ.

ಮೇ 11

ಕಾಗದವನ್ನು ಉಲ್ಲಾಸನ ಕೈಗೆ ಕೊಟ್ಟು ಬರುವ ಎಂದು ಹೋದವಳು ಕುಳಿತೆ. ನನ್ನ ತಪ್ಪನ್ನು ಬೇರೆಯವರ ಬಾಯಿಂದ ಓದಿಸುವುದು ಬೇಡ ಎಂದು ನಾನೇ ಎದ್ದು ಓದಿದೆ. ಹದಿನೆಂಟು ಜನ ಇದ್ದರು. ಮೇದಪ್ಪಣ್ಣ ಹಿಂದಿನ ಬೆಂಚಿನಲ್ಲಿ ಕುಳಿತು ನೆಲ ನೋಡುತ್ತಿದ್ದರು. ಓದಿ ಮುಗಿಸಿ ಕುಳಿತೆ. ಆಮೇಲೆ ಉಲ್ಲಾಸ್ ಕೆಮ್ಮಿ, “ಹಾಗಾದ್ರೆ ಮೇದಪ್ಪಣ್ಣ, ಬ್ಯಾಜ್ ಇರುವ ಲೈಸೆನ್ಸ್ ಉಂಟಲ್ಲ ನಿಮ್ಮ ಹತ್ರ?” ಎಂದು ಕೇಳಿದ. ಅವರು ಹೌದೆಂದು ತಲೆಯಾಡಿಸಿದರು.

ಹೊರಗೆ ಪೂವಮ್ಮಕ್ಕ ನಿಂತಿದ್ದರು. ನನ್ನನ್ನು ನೋಡಿದ್ದೇ ತಿರುಗಿ ಮನೆಯ ಕಡೆ ನಡೆದರು. ಹನ್ನೆರಡರ ಹೊರಳಿಗೆ ಬರಲಿಲ್ಲ. ಬರಬೇಕೆಂದು ಕೇಳುವ ಮುಖ ನನಗೂ ಇರಲಿಲ್ಲ. ಓಡುತ್ತ ಬಂದು ನಾನೇ ಹೊರಳಿಸಿದೆ, ಹತ್ತು ನಿಮಿಷ ತಡವಾಗಿತ್ತು.

ಇವರು ಏನೂ ಕೇಳಲಿಲ್ಲ. ಮಾತಿಲ್ಲದೆ ಇದು ಮೂರನೆಯ ದಿನ.

ಮೇ 12

ಬೆಳಿಗ್ಗೆ ಎಂಟಕ್ಕೆ ಹೊರಳಿಸಿ ಬೆನ್ನಿಗೆ ಪೌಡರ್ ಹಾಕುತ್ತಿದ್ದೆ. ಇವರ ಮುಖ ಆ ಕಡೆಗಿತ್ತು. ಗೋಡೆಗೆ ಹೇಳಿದ ಹಾಗೆ ಹೇಳಿದರು.

“ನನಗೆ ಕೇಳಿತ್ತು.”

“ಎಂತ?”

“ಆ ದಿನ. ಕಾಲು ಹೋಗಿತ್ತು, ಕಿವಿ ಹೋಗಿರ್ಲಿಲ್ಲ. ನೀನು ಬೊಬ್ಬೆ ಹೊಡೆದದ್ದು ಕೇಳಿತ್ತು. ಹಲಗೆ ಮಗುಚಿ ಬಿದ್ದದ್ದೂ ಕೇಳಿತ್ತು.”

ನನ್ನ ಕೈ ಅವರ ಬೆನ್ನಿನ ಮೇಲೆಯೇ ಉಳಿಯಿತು, ಹೊಲಿಗೆಯ ಗುರುತಿನ ಕೆಳಗೆ. ಅಲ್ಲಿ ಇಟ್ಟದ್ದು ಅವರಿಗೆ ಗೊತ್ತಾಗುವುದಿಲ್ಲ.

“ಮತ್ತೆ ಮೇದಪ್ಪಣ್ಣನ ಹೆಸರು ಯಾಕೆ ಹೇಳಿದ್ದು ನೀವು?”

ಇವರು ದಿಂಬಿನ ಅಂಚು ಹಿಡಿದುಕೊಂಡರು.

“ನಿನ್ನ ಮೇಲೆ ಸಿಟ್ಟು ಮಾಡಿದ್ರೆ ನನ್ನನ್ನು ಹೊರಳಿಸುದು ಯಾರು? ಸಿಟ್ಟು ಬಂದದ್ದು ಎಲ್ಲಾದ್ರೂ ಹಾಕಬೇಕಲ್ಲ. ಅವನ ಮೇಲೆ ಹಾಕಿದೆ. ಹೇಳ್ತಾ ಹೇಳ್ತಾ ನನಗೂ ಅದೇ ನಿಜ ಆಯ್ತು.”

ಮೂರು ತಿಂಗಳು. ನಾನು ಇವರಿಗೆ ಹೆದರಿ ಬಾಯಿ ಮುಚ್ಚಿದ್ದೆ, ಇವರು ನನಗೆ ಹೆದರಿ. ಉಪ್ಪು ಹೆಚ್ಚಾದ ಸಾರನ್ನು ಮಾತನಾಡದೆ ಉಂಡದ್ದು ಅದಕ್ಕೆ. ನನಗೆ ಅಳು ಬರಬೇಕಿತ್ತು, ಬಂದದ್ದು ಕೋಪ. ನನ್ನನ್ನು ಏನೆಂದುಕೊಂಡಿದ್ದಾರೆ ಈ ಮನುಷ್ಯ. ಮಂಚ ಸುತ್ತಿ ಆ ಬದಿಗೆ ಹೋಗಿ, ಇವರ ಮುಖದ ಎದುರೇ ನೆಲದಲ್ಲಿ ಕುಳಿತೆ.

“ಈಗ ಬೈಯಿರಿ” ಎಂದೆ. “ಎಷ್ಟು ಬೇಕಾದ್ರೂ ಬೈಯಿರಿ. ಹೊತ್ತಿಗೆ ಸರಿಯಾಗಿ ಹೊರಳಿಸ್ತೇನೆ.”

ಇವರು ನಂಬದವರ ಹಾಗೆ ನೋಡಿದರು. ಆಮೇಲೆ ಶುರು ಮಾಡಿದರು. ಮೊದಲು ಮೆಲ್ಲಗೆ, ಹಲಗೆಯ ವಿಷಯ. ಬುದ್ಧಿ ಇಲ್ಲದವಳು ಎಂದರು, ಲೈಬ್ರರಿಯಲ್ಲಿ ಇಪ್ಪತ್ತು ವರ್ಷ ಕೂತು ಕಲಿತದ್ದು ಇದನ್ನಾ ಎಂದರು. ನನ್ನ ಕಾಲು ನನಗೆ ಕೊಡು ಎಂದರು. ಅದನ್ನು ಹೇಳುವಾಗ ಇಬ್ಬರೂ ಅತ್ತೆವು. ಅಲ್ಲಿಗೆ ನಿಲ್ಲಿಸುತ್ತಾರೆ ಎಂದುಕೊಂಡರೆ ಇಲ್ಲ, ಸ್ವರ ಏರಿತು. ನೀರು ಕುಡಿಸಿದ್ದು, ಓಮ್ನಿಯ ಕಿಟಕಿ ತೆರೆದಿಟ್ಟದ್ದು, ಬಿಸುವಿಗೆ ಗಲ್ಲ ಕೊಯ್ದದ್ದು, ಸಾರಿನ ಉಪ್ಪು, ಹದಿನೇಳು ವರ್ಷದ ಹಿಂದೆ ನನ್ನ ತಮ್ಮನ ಮದುವೆಯಲ್ಲಿ ಇವರನ್ನು ಯಾರೂ ಊಟಕ್ಕೆ ಎಬ್ಬಿಸದೆ ಹೋದದ್ದು. ಪೂವಮ್ಮಕ್ಕ ಬೇಲಿಯ ತಡಮೆಯವರೆಗೆ ಬಂದವರು ಕೇಳಿ ನಿಂತರು, ಮತ್ತೆ ಹಿಂದೆ ಹೋದರು.

ಲೈಬ್ರರಿಗೆ ರಜೆ ಹೇಳಿದೆ. ಹತ್ತು ಗಂಟೆಗೆ ಬಲಮಗ್ಗುಲಿಗೆ ಹೊರಳಿಸಿದೆ. ಆಗಲೂ ಬೈಯುತ್ತಲೇ ಇದ್ದರು.